ಗಂಟಿನೊಳಗಿನ ಬೆಳ್ಳಿ ರೂಪಾಯಿ



ಬೆಳ್ಳಿಯ ಬೆಲೆ ಏರಿದಾಗಲೆಲ್ಲ ನಮ್ಮ ಮಂಡ್ಯ ಸೀಮೆಯ ಹಳೇ ಪೆಟ್ಟಿಗೆಗಳು ಬಾಯಿ ತೆರೆಯುತ್ತವೆ. 2025ರಲ್ಲಿ ಕಿಲೋ ಬೆಳ್ಳಿ ಲಕ್ಷ ರೂಪಾಯಿ ದಾಟಿ, ಅಕ್ಟೋಬರ್ ಹೊತ್ತಿಗೆ ಒಂದೂವರೆ ಲಕ್ಷವನ್ನೂ ಮೀರಿತಲ್ಲ, ಆಗಿನಿಂದ ಈ ಓಡಾಟ ಇನ್ನೂ ಹೆಚ್ಚಿದೆ. ಮಂಡ್ಯದ ಪೇಟೆಬೀದಿಯ ಅಂಗಡಿಗಳಾಗಲಿ, ಮದ್ದೂರು, ಮಳವಳ್ಳಿಯ ಗಿರವಿ ಅಂಗಡಿಗಳಾಗಲಿ, ಸೆರಗಿನಲ್ಲೋ ಕರ್ಚೀಫಿನಲ್ಲೋ ಗಂಟು ಕಟ್ಟಿಕೊಂಡು ಬಂದವರು ಒಬ್ಬರಾದರೂ ಕಾಣುತ್ತಾರೆ. ಗಂಟಿನಲ್ಲಿ ಇರುವುದು ಅಜ್ಜಿಯ ಕಾಲದ ಬೆಳ್ಳಿ ರೂಪಾಯಿ. ಬಂದವರು ಕೇಳುವ ಪ್ರಶ್ನೆಯೂ ಒಂದೇ: "ಇದಕ್ಕೆ ಎಷ್ಟು ಬತ್ತದೆ?"

ಈ ಪ್ರಶ್ನೆಗೆ ಅಂಗಡಿಯವರು ಒಂದು ಉತ್ತರ ಹೇಳುತ್ತಾರೆ. ಊರಿನ ಬುದ್ಧಿವಂತರು ಇನ್ನೊಂದು ಹೇಳುತ್ತಾರೆ. ಮೊಬೈಲಿನಲ್ಲಿ ಬರುವ ಜಾಹೀರಾತುಗಳಂತೂ ಆಕಾಶವನ್ನೇ ತೋರಿಸುತ್ತವೆ. ಮಾರುವವರ ಕೈಯಲ್ಲೇ ಇರುವ ಉತ್ತರವೊಂದಿದೆ. ಅದು ನಾಣ್ಯದ ಮೇಲೆಯೇ ಅಚ್ಚಾಗಿದೆ. ಇಸವಿ. ಅದನ್ನು ಓದದೆ ಬೆಳ್ಳಿ ರೂಪಾಯಿ ಮಾರಬೇಡಿ ಎಂದು ಹೇಳುವುದಕ್ಕೇ ನಾನು ಈ ಹೊತ್ತು ಬಂದಿರುವುದು.

ಮೊದಲು ಈ ರೂಪಾಯಿ ಎಂಥದ್ದು ಅಂತ ನೋಡೋಣ. 1835ರಲ್ಲಿ ಈಸ್ಟ್ ಇಂಡಿಯಾ ಕಂಪನಿ ತನ್ನ ಆಳ್ವಿಕೆಯ ಪ್ರದೇಶಕ್ಕೆಲ್ಲ ಒಂದೇ ಬಗೆಯ ರೂಪಾಯಿಯನ್ನು ಜಾರಿಗೆ ತಂದಿತು. ಅದರ ತೂಕ 180 ಗ್ರೇನು, ಅಂದರೆ ಇವತ್ತಿನ ಲೆಕ್ಕದಲ್ಲಿ 11.66 ಗ್ರಾಂ. ಹನ್ನೆರಡು ಪಾಲಿನಲ್ಲಿ ಹನ್ನೊಂದು ಪಾಲು ಬೆಳ್ಳಿ, ಒಂದು ಪಾಲು ತಾಮ್ರ. ನೂರಕ್ಕೆ 91.7ರಷ್ಟು ಬೆಳ್ಳಿ ಎಂದಾಯಿತು. ಒಂದು ರೂಪಾಯಿಯಲ್ಲಿ ಹತ್ತಿರ ಹತ್ತಿರ 10.69 ಗ್ರಾಂ ಶುದ್ಧ ಬೆಳ್ಳಿ. ವಿಕ್ಟೋರಿಯಾ ಹೋಗಿ ಎಡ್ವರ್ಡ್ ಬಂದರೂ, ಎಡ್ವರ್ಡ್ ಹೋಗಿ ಜಾರ್ಜ್ ಬಂದರೂ, ತಲೆ ಬದಲಾಯಿತೇ ಹೊರತು ಈ ತೂಕ, ಈ ಬೆರಕೆ ನೂರು ವರ್ಷಕ್ಕೂ ಮಿಕ್ಕಿ ಹಾಗೇ ಉಳಿದವು.

ಹೀಗೆ ತೂಕ ಕದಲದೆ ನಿಂತದ್ದರಿಂದ ರೂಪಾಯಿ ಬರೀ ದುಡ್ಡಾಗಿ ಉಳಿಯಲಿಲ್ಲ, ತೂಕದ ಕಲ್ಲೂ ಆಯಿತು. ಒಂದು ರೂಪಾಯಿ ತೂಕವೇ ಒಂದು ತೊಲ. ನಮ್ಮ ಮೈಸೂರು ಸೀಮೆಯ ಕಚ್ಚಾ ಸೇರು ಅಂದರೆ 24 ರೂಪಾಯಿ ತೂಕ. ಅಂಥ 40 ಸೇರು ಸೇರಿದರೆ ಒಂದು ಮಣ. ಲೆಕ್ಕ ಹಾಕಿದರೆ ಹನ್ನೊಂದು ಕಿಲೋ ಚಿಲ್ಲರೆ. ಆಲೆಮನೆಯಿಂದ ಬಂದ ಬೆಲ್ಲವನ್ನು ಮಣದ ಲೆಕ್ಕದಲ್ಲಿ ತೂಗಿ, ಅದರ ಬೆಲೆಯನ್ನು ರೂಪಾಯಿಯಲ್ಲಿ ಎಣಿಸಿ ಕೊಡುತ್ತಿದ್ದರು. ಬೆಲ್ಲದ ತೂಕಕ್ಕೂ ರೂಪಾಯಿಯೇ ಆಧಾರ, ಬೆಲೆಗೂ ಅದೇ. ಅಕ್ಕಸಾಲಿಯ ತಕ್ಕಡಿಯ ಒಂದು ತಟ್ಟೆಯಲ್ಲಿ ರೂಪಾಯಿ, ಇನ್ನೊಂದು ತಟ್ಟೆಯಲ್ಲಿ ಒಡವೆ. ಕಾಲುಂಗುರಕ್ಕೆ ಎಷ್ಟು ಬೆಳ್ಳಿ ಬೇಕು ಅಂದರೆ "ಎರಡು ರೂಪಾಯಿ ತೂಕ" ಅನ್ನುವುದು ಲೋಕರೂಢಿ. ಎಷ್ಟೋ ಸಲ ಆ ಎರಡು ರೂಪಾಯಿಯನ್ನೇ ಮೂಸೆಗೆ ಹಾಕಿ ಕರಗಿಸಿ ಕಾಲುಂಗುರ ಮಾಡಿಕೊಡುತ್ತಿದ್ದದ್ದೂ ಉಂಟು. ನಾಣ್ಯವನ್ನು ಲೋಹವಾಗಿ ನೋಡುವುದು ನಮಗೆ ಹೊಸದೇನೂ ಅಲ್ಲ.

ಮೈಸೂರು ಸಂಸ್ಥಾನದಲ್ಲಿದ್ದ ನಮ್ಮಲ್ಲಿ ಬ್ರಿಟಿಷ್ ರಾಜರಾಣಿಯರ ತಲೆ ಯಾಕೆ ಅಂತ ಕೆಲವರು ಕೇಳುತ್ತಾರೆ. ಸಂಸ್ಥಾನಕ್ಕೆ ತನ್ನದೇ ಟಂಕಸಾಲೆ ಇತ್ತು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಬೆಳ್ಳಿ ನಾಣ್ಯಗಳಿದ್ದವು, ಆನೆಯ ಚಿತ್ರದ ತಾಮ್ರದ ಕಾಸುಗಳಿದ್ದವು. ಆದರೆ 1843ರಲ್ಲಿ ಆ ಟಂಕಸಾಲೆ ಮುಚ್ಚಿತು. ಅಲ್ಲಿಂದಾಚೆಗೆ ಕೊಳ್ಳೇಗಾಲದ ಸಂತೆಯಲ್ಲಿ ನಡೆದ ರೂಪಾಯಿಯೇ ಮಳವಳ್ಳಿಯ ಸಂತೆಯಲ್ಲೂ ನಡೆಯಿತು. ಕೊಳ್ಳೇಗಾಲ ಆಗ ಮದ್ರಾಸಿನದು, ಮಳವಳ್ಳಿ ಮೈಸೂರಿನದು. ರೂಪಾಯಿಗೆ ಮಾತ್ರ ಗಡಿ ಇರಲಿಲ್ಲ.

ಈಗ ನಮ್ಮ ಜಿಲ್ಲೆಯ ಮಾತಿಗೆ ಬರುತ್ತೇನೆ. ಇಲ್ಲಿನ ಗಂಟುಗಳಲ್ಲಿ ಎರಡು ಬಗೆಯ ರೂಪಾಯಿ ಕಲೆತಿರುವುದಕ್ಕೆ ಕಾರಣ ಇದೆ. ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಶುರುವಾಗಿ 1930ರ ದಶಕದ ಆರಂಭಕ್ಕೆ ಮುಗಿಯಿತು. ಆಗ ಇರ್ವಿನ್ ನಾಲೆ ಅಂತ ಕರೆಸಿಕೊಂಡ ಇವತ್ತಿನ ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಹರಿಯಿತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ರಾಗಿ, ಹುರುಳಿ ಬೆಳೆದುಕೊಂಡು ಕೈಗೆ ಕಾಸು ಕಾಣದಿದ್ದ ಮನೆಗಳಿಗೆ ಕಬ್ಬಿನ ದುಡ್ಡು ಬರತೊಡಗಿತು. 1939ರ ಜುಲೈ 1ರಂದು ಮಂಡ್ಯ ಬೇರೆ ಜಿಲ್ಲೆಯಾಯಿತು. ಗಟ್ಟಿ ಬೆಳ್ಳಿಯ ರೂಪಾಯಿಯ ಕೊನೆಯ ವರ್ಷವೂ ಅದೇ 1939. ಜಿಲ್ಲೆಯ ರೈತನ ಕೈಯಲ್ಲಿ ನಾಲ್ಕು ಕಾಸು ಓಡಾಡುವ ಹೊತ್ತಿಗೆ ಸರಿಯಾಗಿ ರೂಪಾಯಿಯ ಒಳಗಿನ ಬೆಳ್ಳಿ ಅರ್ಧಕ್ಕೆ ಇಳಿಯಿತು.

ಯಾಕೆ ಇಳಿಯಿತು ಅನ್ನುವುದಕ್ಕೆ ಯುದ್ಧದ ಕತೆ ಹೇಳಬೇಕು. ಇದರ ಪೂರ್ವರಂಗ ಮೊದಲ ಮಹಾಯುದ್ಧದಲ್ಲೇ ನಡೆದಿತ್ತು. ಆಗ ಬೆಳ್ಳಿಯ ಬೆಲೆ ಎಷ್ಟು ಏರಿತೆಂದರೆ, ರೂಪಾಯಿಯ ಮುಖಬೆಲೆಗಿಂತ ಅದರ ಒಳಗಿನ ಲೋಹವೇ ಹೆಚ್ಚು ಬಾಳುವ ಸ್ಥಿತಿ ಬಂತು. ಹಾಗಾದಾಗ ಯಾರು ತಾನೆ ಖರ್ಚು ಮಾಡುತ್ತಾರೆ? ಬೆಳ್ಳಿ ಪೆಟ್ಟಿಗೆ ಸೇರಿತು. ಸರ್ಕಾರ 1917ರಲ್ಲಿ ನಾಣ್ಯ ಕರಗಿಸುವುದನ್ನು ನಿಷೇಧಿಸಿತು. ಆ ವರ್ಷ ನವೆಂಬರ್ 30ರಂದು ಒಂದು ರೂಪಾಯಿಯ ಕಾಗದದ ನೋಟು ಹೊರಬಂತು. ಅದೂ ಸಾಲದೆ ಮರುವರ್ಷ ಅಮೆರಿಕ ಒಂದು ಕಾನೂನನ್ನೇ ಮಾಡಿ, ತನ್ನ ಬೆಳ್ಳಿ ಡಾಲರುಗಳನ್ನು ಕರಗಿಸಿ 20 ಕೋಟಿ ಔನ್ಸ್ ಬೆಳ್ಳಿಯನ್ನು ಭಾರತದ ರೂಪಾಯಿಗಾಗಿ ಬ್ರಿಟನ್ನಿಗೆ ಮಾರಿತು. ನಿಮ್ಮ ಗಂಟಿನಲ್ಲಿ 1918ರ ಜಾರ್ಜ್ ರೂಪಾಯಿ ಇದ್ದರೆ, ಅದರೊಳಗಿನ ಬೆಳ್ಳಿ ಅದಕ್ಕೆ ಮುಂಚೆ ಅಮೆರಿಕದ ಡಾಲರಾಗಿದ್ದಿರಲೂಬಹುದು.

ಎರಡನೆಯ ಮಹಾಯುದ್ಧದಲ್ಲಿ ಅದೇ ಆಟ ಮತ್ತೆ ಶುರುವಾಯಿತು. 1940ರಲ್ಲಿ ಫ್ರಾನ್ಸ್ ಬಿದ್ದ ಸುದ್ದಿ ಬರುತ್ತಲೇ ಜನ ನೋಟು ಕೊಟ್ಟು ಬೆಳ್ಳಿ ಹಿಡಿದರು. ಸರ್ಕಾರ ಈ ಸಲ ಮೈಮರೆಯಲಿಲ್ಲ. ಒಂದು ರೂಪಾಯಿಯ ನೋಟನ್ನು ಮತ್ತೆ ಇಳಿಸಿತು. 1940ರಿಂದ ರೂಪಾಯಿಯಲ್ಲಿ ಬೆಳ್ಳಿಯ ಪಾಲನ್ನು ನೂರಕ್ಕೆ 50ಕ್ಕೆ ಇಳಿಸಿ, 40 ಪಾಲು ತಾಮ್ರ, ಐದು ಪಾಲು ನಿಕ್ಕಲ್, ಐದು ಪಾಲು ಸತು ಸೇರಿಸಿತು. ತೂಕ ಅದೇ 11.66 ಗ್ರಾಂ, ಅಗಲವೂ ಅಷ್ಟೇ, ಮೇಲಿನ ಜಾರ್ಜ್ ದೊರೆಯ ತಲೆಯೂ ಅದೇ. ಒಳಗಿನ ಬೆಳ್ಳಿ ಮಾತ್ರ 5.83 ಗ್ರಾಂ. ಆಮೇಲಿನ ಮೂರ್ನಾಲ್ಕು ವರ್ಷಗಳಲ್ಲಿ ಹಳೇ ಗಟ್ಟಿ ರೂಪಾಯಿಗಳನ್ನು ಒಬ್ಬೊಬ್ಬ ಅರಸರ ಸರದಿಯಂತೆ, ಮೊದಲು ವಿಕ್ಟೋರಿಯಾ, ಆಮೇಲೆ ಎಡ್ವರ್ಡ್, ಕೊನೆಗೆ ಜಾರ್ಜ್, ಚಲಾವಣೆಯಿಂದ ತೆಗೆದುಹಾಕಿದರು. ಗಡುವಿನೊಳಗೆ ಖಜಾನೆಗೆ ಕೊಟ್ಟವರು ಕೊಟ್ಟರು. ಕೊಡದವರ ಮನೆಯಲ್ಲಿ ಅದು ದುಡ್ಡಾಗಿ ಸತ್ತು ಬೆಳ್ಳಿಯಾಗಿ ಉಳಿಯಿತು. ಇವತ್ತು ನಿಮ್ಮ ಸೆರಗಿನ ಗಂಟಿನಲ್ಲಿ ಇರುವುದು ಆ ಕೊಡದವರ ಹಟ.

ಈ ಅರ್ಧ ಬೆಳ್ಳಿಯ ರೂಪಾಯಿಗೂ ಒಂದು ಬಾಲ ಇದೆ. ಯುದ್ಧಕಾಲದಲ್ಲಿ ಭಾರತ ಅಮೆರಿಕದಿಂದ ಮತ್ತೆ ಬೆಳ್ಳಿ ತಂದಿತ್ತು. ಈ ಸಲ ಕ್ರಯಕ್ಕಲ್ಲ, ಸಾಲಕ್ಕೆ. ಬೆಳ್ಳಿಯನ್ನು ಬೆಳ್ಳಿಯಾಗಿಯೇ ಹಿಂತಿರುಗಿಸಬೇಕು ಅನ್ನುವ ಕರಾರು. ಸ್ವಾತಂತ್ರ್ಯ ಬಂದ ಮೇಲೆ ಈ ಬೆರಕೆ ನಾಣ್ಯಗಳನ್ನು ವಾಪಸು ಪಡೆದು, ಕಲ್ಕತ್ತದ ಅಲಿಪುರದಲ್ಲಿ ಬೆಳ್ಳಿ ಬೇರ್ಪಡಿಸುವ ಕಾರ್ಖಾನೆಯನ್ನೇ ಕಟ್ಟಿ, ಆ ಸಾಲ ತೀರಿಸಬೇಕಾಯಿತು. 1947ರ ರೂಪಾಯಿ ಬಂದಾಗ ಅದರಲ್ಲಿ ಬೆಳ್ಳಿಯ ಸುಳಿವೇ ಇರಲಿಲ್ಲ. ಬರೀ ನಿಕ್ಕಲ್. ಒಂದು ಕಡೆ ಜಾರ್ಜ್, ಇನ್ನೊಂದು ಕಡೆ ಹುಲಿ. ಹೊಳಪು ನೋಡಿ ಅದನ್ನೂ ಬೆಳ್ಳಿ ಅಂದುಕೊಂಡು ಜೋಪಾನ ಮಾಡಿದ ಮನೆಗಳು ಲೆಕ್ಕಕ್ಕೆ ಸಿಗವು.

ಈ ಮೂರು ಬಗೆ ಒಂದೇ ಗಂಟಿನಲ್ಲಿ ಬಂದಾಗ ಅಂಗಡಿಯ ಕಟ್ಟೆಯ ಮೇಲೆ ಏನಾಗುತ್ತದೆ ಅನ್ನುವುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಮದ್ದೂರು ಕಡೆಯ ಒಬ್ಬ ಅಜ್ಜಿ, ಜೊತೆಗೆ ಮೊಮ್ಮಗ. ಅರಿಸಿನದ ಕಲೆ ಹತ್ತಿದ ಬಿಳಿ ಬಟ್ಟೆಯ ಗಂಟು. ಬಿಚ್ಚಿದರೆ ಕೆಲವು ಕಪ್ಪಗೆ, ಕೆಲವು ಥಳಥಳ. ವರಮಹಾಲಕ್ಷ್ಮಿ ಹಬ್ಬಕ್ಕೆ ಕಳಶದ ಮುಂದೆ ಇಡುವಾಗ ಹುಣಸೆಹಣ್ಣು ಹಾಕಿ ತಿಕ್ಕಿದವು ಹೊಳೆಯುತ್ತಿದ್ದವು. ಎರಡು ರೂಪಾಯಿಗೆ ಮೇಲುಗಡೆ ಕುಣಿಕೆಯ ಬೆಸುಗೆ. ಯಾರದೋ ಕೊರಳಲ್ಲಿದ್ದವು. "ನಮ್ಮತ್ತೆ ಮಡಗಿದ್ದು ಕಣಪ್ಪ" ಅಂದರು ಅಜ್ಜಿ. ಅಂಗಡಿಯವನು ಒಂದನ್ನೂ ತಿರುಗಿಸಿ ನೋಡದೆ ಎಲ್ಲವನ್ನೂ ಒಟ್ಟಿಗೆ ಎಲೆಕ್ಟ್ರಾನಿಕ್ ತಕ್ಕಡಿಗೆ ಸುರಿದ. ತೂಕ ಹೇಳಿದ. "ಹಳೇ ಮಿಕ್ಸ್ ಮಾಲು ಅಜ್ಜಿ, ಅರ್ಧಕ್ಕೆ ಅರ್ಧ ಹೋಯ್ತದೆ" ಅಂದ. ಮೊಮ್ಮಗ ಆಗಲೇ ಮೊಬೈಲಿನಲ್ಲಿ ಆ ದಿನದ ಬೆಳ್ಳಿ ದರ ತೆಗೆದು ಅರ್ಧಕ್ಕೆ ಗುಣಿಸತೊಡಗಿದ್ದ.

ದರ ಗೊತ್ತಿತ್ತು, ತೂಕ ಕಣ್ಣೆದುರಿಗಿತ್ತು, ಗುಣಾಕಾರವೂ ಸರಿ. ತಪ್ಪಿದ್ದು ಆ ಅರ್ಧದಲ್ಲಿ.

ಲೆಕ್ಕ ಮಾಡಿ ನೋಡೋಣ. ಬೆಳ್ಳಿಯ ದರ ದಿನಕ್ಕೊಂದಾಗುವುದರಿಂದ, ಸುಲಭಕ್ಕೆ ಶುದ್ಧ ಬೆಳ್ಳಿ ಗ್ರಾಮಿಗೆ 100 ರೂಪಾಯಿ ಅಂತ ಇಟ್ಟುಕೊಳ್ಳಿ. ನೀವು ಮಾರುವ ದಿನ ಎಷ್ಟಿದೆಯೋ ಅಷ್ಟಕ್ಕೆ ಏರಿಸಿಕೊಳ್ಳಬಹುದು. ಒಂದು ಗಂಟಿನಲ್ಲಿ 20 ರೂಪಾಯಿಗಳಿವೆ. ಹನ್ನೆರಡು 1939ಕ್ಕೆ ಮೊದಲಿನವು, ಐದು 1940ರಿಂದ 1945ರವರೆಗಿನವು, ಮೂರು ಹುಲಿ ರೂಪಾಯಿ. ಮೊದಲ ಹನ್ನೆರಡರಲ್ಲಿ 128 ಗ್ರಾಂ ಚಿಲ್ಲರೆ ಶುದ್ಧ ಬೆಳ್ಳಿ, 12,800 ರೂಪಾಯಿ ಆಸುಪಾಸು. ಐದರಲ್ಲಿ 29 ಗ್ರಾಂ, 2,900 ರೂಪಾಯಿ. ಹುಲಿ ರೂಪಾಯಿಯಲ್ಲಿ ಬೆಳ್ಳಿ ಸೊನ್ನೆ. ಒಟ್ಟು 15,700 ರೂಪಾಯಿ. ಅದೇ ಇಪ್ಪತ್ತನ್ನೂ ಒಟ್ಟಿಗೆ ಸುರಿದರೆ ತೂಕ 233 ಗ್ರಾಂ. "ಅರ್ಧಕ್ಕೆ ಅರ್ಧ" ಅಂದರೆ ಕೈಗೆ ಬರುವುದು 11,600. ಒಂದು ಮಾತಿನಲ್ಲಿ ನಾಲ್ಕು ಸಾವಿರ ಹೋಯಿತು. ಅದೂ ನಿಕ್ಕಲನ್ನು ಬೆಳ್ಳಿಯ ಜೊತೆ ತೂಗಿಯೂ!

ವ್ಯಾಪಾರಿಗೆ ಲಾಭ ಬೇಡವೆ ಅಂತ ಕೇಳಬಹುದು. ಬೇಕು. ಸವೆತ ಇದೆ: ನೂರು ವರ್ಷ ಕೈಯಿಂದ ಕೈಗೆ ಓಡಾಡಿದ ರೂಪಾಯಿ 11.66 ತೂಗುವುದಿಲ್ಲ, ಹನ್ನೊಂದೂವರೆಗೋ ಅದಕ್ಕೂ ಕೆಳಕ್ಕೋ ಇಳಿದಿರುತ್ತದೆ. ಕುಣಿಕೆಯ ಬೆಸುಗೆಯಲ್ಲಿ ಬೇರೆ ಲೋಹ ಇರುತ್ತದೆ. ಕರಗಿಸುವ ಖರ್ಚು, ನಾಳೆ ದರ ಬಿದ್ದರೆ ಎಂಬ ಭಯ. ಇದಕ್ಕೆಲ್ಲ ಸೇರಿ ಒಂದಿಷ್ಟು ಮುರಿದುಕೊಳ್ಳುವುದು ವ್ಯಾಪಾರದ ನ್ಯಾಯ. ಅರ್ಧ ಬೆಳ್ಳಿಯ ರೂಪಾಯಿಗೆ ಸ್ವಲ್ಪ ಹೆಚ್ಚೇ ಮುರಿಯುತ್ತಾರೆ. ಅದನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿ, ಬೆಳ್ಳಿಯನ್ನು ಬೇರೆ ಮಾಡಿ ತೆಗೆಯಬೇಕು. ಆ ಕೆಲಸಕ್ಕೆ ಖರ್ಚಿದೆ, ಹೊಗೆಯ ಅಪಾಯವೂ ಇದೆ.

ಗಟ್ಟಿ ರೂಪಾಯಿಯ ಮಾತೇ ಬೇರೆ, ಇದನ್ನು ಅಂಗಡಿಯವರು ಬಾಯಿಬಿಟ್ಟು ಹೇಳುವುದು ಕಡಿಮೆ. 91.7ರ ಬೆಳ್ಳಿಯನ್ನು ಶುದ್ಧಿ ಮಾಡುವ ಗೋಜೇ ಬೇಕಿಲ್ಲ. ಮೂಸೆಯಲ್ಲಿ ಬಿಳಿಗಾರ ಹಾಕಿ ಕರಗಿಸಿ ನೇರವಾಗಿ ಒಡವೆಗೆ ಎರೆಯಬಹುದು. ಸೇಲಮ್ಮಿನಲ್ಲೋ, ಕೊಲ್ಹಾಪುರದ ಹತ್ತಿರದ ಹುಪರಿಯಲ್ಲೋ ತಯಾರಾಗಿ ನಮ್ಮ ಅಂಗಡಿಗಳಿಗೆ ಬರುವ ಕಾಲ್ಗೆಜ್ಜೆಗಳ ಪೈಕಿ ನೂರಕ್ಕೆ ಅರವತ್ತು, ಎಪ್ಪತ್ತು ಬೆಳ್ಳಿ ಇರುವಂಥವು ಅಪರೂಪವಲ್ಲ. ಅಂದರೆ ನಿಮ್ಮ ಅಜ್ಜಿಯ ರೂಪಾಯಿಗೆ ಇನ್ನಷ್ಟು ತಾಮ್ರ ಬೆರೆಸಿದ ಮೇಲೂ ಅದು ಕಾಲ್ಗೆಜ್ಜೆಯಾಗಿ ನಿಮಗೇ ಬೆಳ್ಳಿಯ ದರದಲ್ಲಿ ವಾಪಸು ಬರಬಹುದು. "ಹಳೇ ಮಾಲು" ಅಂತ ಮೂಗು ಮುರಿಯುವವರ ಎದುರು ಈ ಮಾತನ್ನು ನೆನಪಿಟ್ಟುಕೊಳ್ಳಿ. ಬದಲಿಗೆ ಹೊಸ ಬೆಳ್ಳಿ ಸಾಮಾನು ತೆಗೆದುಕೊಳ್ಳುವವರು ಹಾಲ್‌ಮಾರ್ಕ್ ಕೇಳಿ. 2025ರ ಸೆಪ್ಟೆಂಬರ್ 1ರಿಂದ ಬೆಳ್ಳಿಗೂ ಗುರುತಿನ ಸಂಖ್ಯೆಯ ಹಾಲ್‌ಮಾರ್ಕ್ ಬಂದಿದೆ. ಕಡ್ಡಾಯವಲ್ಲ, ಆದರೂ ಕೇಳಿದರೆ ಸಿಗುತ್ತದೆ.

ಹಾಗಾದರೆ ಮನೆಯಲ್ಲೇ ಏನು ಮಾಡಬಹುದು? ಗಂಟು ಬಿಚ್ಚಿ, ಬೆಳಕಿನಲ್ಲಿ ಕೂತು, ಇಸವಿ ಓದಿ ಮೂರು ಗುಡ್ಡೆ ಮಾಡಿ. ಇಂಗ್ಲಿಷ್ ಅಂಕಿ ಓದಲು ಬರುವ ಮಗು ಸಾಕು. ಇಸವಿ ಸವೆದಿದ್ದರೆ ತಲೆ ನೋಡಿ: ಹೆಂಗಸಿನ ತಲೆಯಿದ್ದರೆ ವಿಕ್ಟೋರಿಯಾ, ಕಿರೀಟವಿಲ್ಲದ ಬೋಳುತಲೆಯಾದರೆ ಎಡ್ವರ್ಡ್. ಎರಡೂ ಗಟ್ಟಿ ಬೆಳ್ಳಿಯೇ. ಕಿರೀಟ ಹೊತ್ತ ಗಡ್ಡದ ಜಾರ್ಜ್ ಆದರೂ ಗಟ್ಟಿಯೇ. ಗಡ್ಡವಿಲ್ಲದ ಜಾರ್ಜ್ ಬಂದಾಗ ಮಾತ್ರ ಕಣ್ಣು ಚೂಪು ಮಾಡಬೇಕು. 1938, 1939 ಆದರೆ ಗಟ್ಟಿ, 1940ರಿಂದ 1945ರವರೆಗೆ ಅರ್ಧ. ಅರ್ಧದವುಗಳಲ್ಲಿ ಬಹುಪಾಲಿನ ಅಂಚನ್ನು ಉಗುರಿನಲ್ಲಿ ಸವರಿದರೆ ನಡುವೆ ಒಂದು ಗೀರು ಸಿಗುತ್ತದೆ. ಖೋಟಾ ತಡೆಯಲು ಆಗ ಮಾಡಿದ ಉಪಾಯ ಅದು. ಹುಲಿ ರೂಪಾಯಿಗೆ ಅಯಸ್ಕಾಂತ ಹಿಡಿಯಿರಿ, ಗಬಕ್ಕನೆ ಅಂಟುತ್ತದೆ. ಬೆಳ್ಳಿ ಅಂಟುವುದಿಲ್ಲ.

ಖೋಟಾ ರೂಪಾಯಿಯೂ ಇದೆ, ಈಚೆಗೆ ಜಾಸ್ತಿ. ಬೆಳ್ಳಿ ತುಟ್ಟಿಯಾದಷ್ಟೂ ಹಳೇ ರೂಪಾಯಿ ಮೂಟೆಗಟ್ಟಲೆ ಹೊಸದಾಗಿ ಹುಟ್ಟುತ್ತದೆ! ಹಿತ್ತಾಳೆಗೆ ಮುಲಾಮು ಹಾಕಿದ್ದಾದರೆ ಅಷ್ಟೇ ಅಗಲ, ಅಷ್ಟೇ ದಪ್ಪ ಇದ್ದರೂ ಒಂಬತ್ತೂವರೆ ಗ್ರಾಂ ಸುತ್ತಮುತ್ತ ತೂಗುತ್ತದೆ, ಯಾಕೆಂದರೆ ಬೆಳ್ಳಿ ಹಿತ್ತಾಳೆಗಿಂತ ಸಾಂದ್ರವಾದ ಲೋಹ. ಅಡುಗೆಮನೆಯ ಸಣ್ಣ ತಕ್ಕಡಿಯಲ್ಲೇ ಇದು ಗೊತ್ತಾಗುತ್ತದೆ. ಕಲ್ಲಿನ ಮೇಲೆ ಬೀಳಿಸಿ ನಾದ ಕೇಳುವ ಹಳೇ ಪರೀಕ್ಷೆಯೂ ಕೆಟ್ಟದ್ದಲ್ಲ. ಆದರೆ ಬಿರುಕು ಬಿಟ್ಟ, ಬೆಸುಗೆ ಹಾಕಿದ ಗಟ್ಟಿ ರೂಪಾಯಿಯೂ ಬೊದ್ದು ಸದ್ದು ಮಾಡುತ್ತದೆ, ಅದನ್ನು ನೆಚ್ಚಿಕೊಂಡು ತೀರ್ಪು ಕೊಡಬಾರದು.

ಎಂಟಾಣೆ, ಪಾವಲಿ, ಎರಡಾಣೆಗಳ ಮಾತು ಚುಟುಕಾಗಿ ಹೇಳಿಬಿಡುತ್ತೇನೆ. ಹಳೇ ಬೆಳ್ಳಿಯ ಎಂಟಾಣೆ ರೂಪಾಯಿಯ ಅರ್ಧ ತೂಕ, ಪಾವಲಿ ಕಾಲು, ಎರಡಾಣೆ ಎಂಟರಲ್ಲೊಂದು. ನಡುವೆ ತಾಮ್ರ-ನಿಕ್ಕಲಿನ ಎಂಟಾಣೆ, ನಾಲ್ಕಾಣೆಗಳೂ ಬಂದಿದ್ದರಿಂದ ಇವುಗಳಲ್ಲಿ ಗೊಂದಲ ಹೆಚ್ಚು. ತೂಕ ಕಡಿಮೆಯಾದ್ದರಿಂದ ತಪ್ಪಿದರೂ ನಷ್ಟ ಸಣ್ಣದು. 1969ರಲ್ಲಿ ಗಾಂಧೀಜಿ ಶತಮಾನೋತ್ಸವಕ್ಕೆ ಹೊರಡಿಸಿದ ಹತ್ತು ರೂಪಾಯಿಯ ನಾಣ್ಯ ಕೆಲವರ ಮನೆಯಲ್ಲಿದೆ. ಅದು 15 ಗ್ರಾಂ, ನೂರಕ್ಕೆ 80 ಬೆಳ್ಳಿ. ಗಾಂಧೀಜಿ ತಲೆ ಕಂಡ ತಕ್ಷಣ ಹೊಸ ನಾಣ್ಯ ಅಂತ ಅದನ್ನು ಹುಂಡಿಗೆ ಹಾಕಿದವರೂ ಇದ್ದಾರೆ. ದೇವರಿಗೆ ಹೋಯಿತಲ್ಲ, ಇರಲಿ.

ಇನ್ನು ಲಕ್ಷಗಟ್ಟಲೆಯ ಕನಸು. "1862ರ ವಿಕ್ಟೋರಿಯಾ ರೂಪಾಯಿಗೆ ಮೂರು ಲಕ್ಷ", "ಕಂಪನಿಯ ರಾಮನ ನಾಣ್ಯಕ್ಕೆ ಕೋಟಿ" ಅಂತೆಲ್ಲ ಕೇಳಿರುತ್ತೀರಿ. 1862 ಅಂತ ಬರೆದ ರೂಪಾಯಿಯನ್ನು ಅದೊಂದೇ ವರ್ಷ ಅಚ್ಚು ಹಾಕಿ ಬಿಟ್ಟಿದ್ದಲ್ಲ. 1874ರವರೆಗೂ ಅದೇ ಇಸವಿ ಹಾಕಿಯೇ ಟಂಕಿಸಿದರು, ವರ್ಷ ಗುರುತಿಸಲು ಸಣ್ಣ ಚುಕ್ಕೆಗಳನ್ನು ಇಟ್ಟರು. ಹಾಗಾಗಿ ಆ ಇಸವಿ ಕಂಡ ಮಾತ್ರಕ್ಕೆ ಅದು ಅಪರೂಪದ್ದಾಗದು. ಬೆಲೆ ಏರುವುದು ಯಾವುದೋ ಒಂದು ಬಗೆಯ ಚುಕ್ಕೆಗೆ. ರಾಮ, ಸೀತೆ, ಹನುಮಂತನ ಚಿತ್ರ ಹಾಕಿ ಕೆಳಗೆ ಕಂಪನಿಯ ಹೆಸರು ಬರೆದ ನಾಣ್ಯಗಳನ್ನು ಕಂಪನಿ ಹೊರಡಿಸಲೇ ಇಲ್ಲ. ಅವು ಪೂಜೆಗೆಂದೋ ಯಾಮಾರಿಸಲೆಂದೋ ಮಾಡಿದ ಬಿಲ್ಲೆಗಳು. ಹಳೇ ನಾಣ್ಯ, ನೋಟು ಕೊಳ್ಳುತ್ತೇವೆ ಅಂತ ತನ್ನ ಹೆಸರು ಬಳಸಿಕೊಂಡು ಮುಂಗಡ ಶುಲ್ಕ, ಕಮಿಷನ್, ತೆರಿಗೆ ಕೇಳುವವರ ಬಗ್ಗೆ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಎಚ್ಚರಿಕೆ ಕೊಟ್ಟಿತ್ತು. ಮಾರುವವನಿಂದಲೇ ದುಡ್ಡು ಕೇಳುವ ಗಿರಾಕಿ ಲೋಕದಲ್ಲಿ ಎಲ್ಲಾದರೂ ಉಂಟೆ?

ಹಾಗಂತ ಎಲ್ಲವೂ ಲೋಹದ ಬೆಲೆಯವೇ ಅಂದರೆ ಅದೂ ಸುಳ್ಳಾಗುತ್ತದೆ. 1911ರ ಜಾರ್ಜ್ ರೂಪಾಯಿಯ ಕತೆ ನಿಮಗೆ ನಗು ತರಿಸಬಹುದು. ದೊರೆಯ ಎದೆಯ ಸರಪಳಿಯಲ್ಲಿ ಕೆತ್ತಿದ ಆನೆ ಹಂದಿಯ ಹಾಗೆ ಕಾಣುತ್ತದೆ ಅಂತ ಗುಲ್ಲೆದ್ದು, ಅದನ್ನು ತಡೆಹಿಡಿದು, ಮರುವರ್ಷ ಆನೆಯ ಸೊಂಡಿಲು, ಕಿವಿ ತಿದ್ದಿ ಬೇರೆ ಅಚ್ಚು ಮಾಡಿದರು. ಆ "ಹಂದಿ ರೂಪಾಯಿ"ಗೆ ಸಂಗ್ರಹಕಾರರು ಬೆಳ್ಳಿಯ ಬೆಲೆಗಿಂತ ಎಷ್ಟೋ ಹೆಚ್ಚು ಕೊಡುತ್ತಾರೆ. 1939ರ ರೂಪಾಯಿ ಇನ್ನೂ ಅಪರೂಪ. ಸಿಕ್ಕರೆ ಖೋಟಾ ಇರಬಹುದು ಅಂತಲೇ ಮೊದಲು ಅನುಮಾನಿಸಿ, ಆಮೇಲೆ ತಜ್ಞರಿಗೆ ತೋರಿಸಿ. ಮೂರು ಗುಡ್ಡೆ ಮಾಡುವಾಗ ಈ ಎರಡು ಇಸವಿಗಳನ್ನು ಪಕ್ಕಕ್ಕೆ ಎತ್ತಿಡಿ. ಅವನ್ನು ಹುಣಸೆಹಣ್ಣು, ಸಬೀನ ಹಾಕಿ ತಿಕ್ಕಬೇಡಿ ತಾಯಿ. ಆ ಕಪ್ಪು ಕೊಳೆಯಲ್ಲ, ಬೆಳ್ಳಿಗೆ ಗಾಳಿ ತಾಗಿ ಕೂತ ಪೊರೆ. ಸಂಗ್ರಹಕಾರ ನೋಡುವುದೇ ಅದನ್ನು. ತಿಕ್ಕಿದ ಮೇಲೆ ಅದೂ ಗ್ರಾಂ ಲೆಕ್ಕದ ಬೆಳ್ಳಿಯೇ.

ಶ್ರೀರಂಗಪಟ್ಟಣ ನಮ್ಮದೇ ಜಿಲ್ಲೆಯಲ್ಲಿ ಇರುವುದರಿಂದ ಇನ್ನೊಂದು ಮಾತು. ಅಲ್ಲಿನ ಟಂಕಸಾಲೆಯಲ್ಲಿ ಟಿಪ್ಪು ಸುಲ್ತಾನ್ ಹಾಕಿಸಿದ ಬೆಳ್ಳಿ ನಾಣ್ಯಗಳಿಗೆ ಒಂದೊಂದಕ್ಕೂ ಒಂದೊಂದು ಹೆಸರು: ರೂಪಾಯಿಗೆ ಇಮಾಮಿ, ಎರಡು ರೂಪಾಯಿಯ ದೊಡ್ಡ ನಾಣ್ಯಕ್ಕೆ ಹೈದರಿ, ಅರ್ಧಕ್ಕೆ ಆಬಿದಿ, ಕಾಲಿಗೆ ಬಾಖಿರಿ. ಆತ ತಂದ ಹೊಸ ಶಕೆಯ ಇಸವಿಯ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ರಾಜನ ತಲೆ ಇಲ್ಲ, ಪಾರ್ಸಿ ಬರಹ ಮಾತ್ರ. ಇಂಥದ್ದು ಕೈಯಲ್ಲಿದ್ದರೆ ಕರಗಿಸುವ ಅಂಗಡಿಯ ಕಡೆ ತಿರುಗಿಯೂ ನೋಡಬೇಡಿ. ಹೈದರಿಯೊಂದರಲ್ಲಿ ಬೆಳ್ಳಿ 23 ಗ್ರಾಂ ಮೀರದು, ಆದರೆ ಸಂಗ್ರಹಕಾರರ ಹರಾಜಿನಲ್ಲಿ ಅದರ ಬೆಲೆಗೂ ಬೆಳ್ಳಿಯ ದರಕ್ಕೂ ಸಂಬಂಧವೇ ಇಲ್ಲ.

ಮನೆಯಲ್ಲಿ ಅಜ್ಜಿ ಇಟ್ಟದ್ದು ಒಂದು. ಹೊಲ ಉಳುವಾಗ, ಪಾಯ ತೋಡುವಾಗ ಸಿಕ್ಕಿದ್ದು ಇನ್ನೊಂದು. ನೆಲದಲ್ಲಿ ಸಿಕ್ಕಿದ್ದು ನಿಧಿ. ಅದನ್ನು ಜಿಲ್ಲಾಡಳಿತಕ್ಕೆ ತಿಳಿಸಲೇಬೇಕು, ಮುಚ್ಚಿಟ್ಟು ಮಾರಿದರೆ ಅಪರಾಧ. ಯಾರಾದರೂ ನಿಮ್ಮ ಹತ್ತಿರ ಬಂದು, "ಪಾಯ ತೋಡುವಾಗ ಕುಡಿಕೆ ಸಿಕ್ತು, ಯಾರಿಗೂ ಹೇಳಬೇಡಿ, ಕಮ್ಮಿ ರೇಟಿಗೆ ಕೊಡ್ತೀವಿ" ಅಂದರೆ, ಅದು ಬಹುಶಃ ಹಿತ್ತಾಳೆ. ನಿಜವಾದ ಬೆಳ್ಳಿಯೇ ಆಗಿದ್ದರೂ ಕೊಂಡ ನಿಮಗೂ ಕಾನೂನಿನ ತೊಂದರೆ. ನೂರು ವರ್ಷ ಮೀರಿದ ನಾಣ್ಯ 1972ರ ಕಾಯ್ದೆಯ ಪ್ರಕಾರ ಪುರಾತನ ವಸ್ತು. ಅಮೆರಿಕದಲ್ಲಿರುವ ಮಗನಿಗೆ ನೆನಪಿಗೆ ಇರಲಿ ಅಂತ ಎಡ್ವರ್ಡ್ ರೂಪಾಯಿ ಕೊಟ್ಟು ಕಳಿಸುವ ಮುಂಚೆ ಇದು ಗೊತ್ತಿರಲಿ, ಅನುಮತಿ ಇಲ್ಲದೆ ದೇಶದಾಚೆ ಒಯ್ಯುವಂತಿಲ್ಲ.

ಮಾರುವ ದಿನದ ಸಂಗತಿ. ಗುಡ್ಡೆ ಗುಡ್ಡೆಯನ್ನೇ ಬೇರೆ ಬೇರೆ ತೂಗಿಸಿ. ತಕ್ಕಡಿ ಸೊನ್ನೆ ತೋರಿಸುತ್ತಿದೆಯೇ ನೋಡಿ. ನಾಣ್ಯ ಪರೀಕ್ಷೆ ಮಾಡುವ ಎಕ್ಸ್‌-ರೇ ಯಂತ್ರ ಇರುವ ಮಂಡ್ಯದ ಅಥವಾ ಮೈಸೂರಿನ ಅಂಗಡಿಗೆ ಹೋದರೆ, ಒಂದೊಂದು ಬಗೆಯಲ್ಲಿ ಒಂದೊಂದನ್ನು ಅದರ ಕೆಳಗೆ ಇಡಿಸಿ. ಗೀಚಬೇಕಿಲ್ಲ, ಆಮ್ಲದ ಹನಿ ಬೇಕಿಲ್ಲ, ಬೆಳ್ಳಿಯ ಪಾಲು ಪರದೆಯ ಮೇಲೆ ಬರುತ್ತದೆ. ಒಂದೇ ಅಂಗಡಿಯ ಮಾತಿಗೆ ಗಂಟು ಬಿಚ್ಚಿ ಕೊಡಬೇಡಿ, ಎರಡು ಕಡೆ ಕೇಳಿ. ಮನೆಯ ಹಳೇ ಬೆಳ್ಳಿ ಮಾರುವವರಿಂದ ಜಿಎಸ್‌ಟಿ ಅಂತ ಮುರಿದುಕೊಳ್ಳುವುದು ಸರಿಯಲ್ಲ; ಆ ತೆರಿಗೆ ಇರುವುದು ನೀವು ಹೊಸದು ಕೊಳ್ಳುವಾಗ. ತೂಕ, ಪಾಲು, ದರ ಮೂರನ್ನೂ ಬರೆದ ಚೀಟಿ ಕೇಳಿ ಪಡೆಯಿರಿ.

ಮಾರದೆ ಹಂಚಿಕೊಳ್ಳುವ ಮನೆಗಳೂ ಇವೆ. ಅಜ್ಜಿ ತೀರಿಕೊಂಡ ಮೇಲೆ ತಿಥಿ ಮುಗಿಸಿ ಅಣ್ಣತಮ್ಮಂದಿರು, ಅಕ್ಕತಂಗಿಯರು ಕೂತು ರೂಪಾಯಿ ಎಣಿಸುತ್ತಾರೆ. ನಿನಗೆ ಹತ್ತು, ನನಗೆ ಹತ್ತು, ಅವಳಿಗೆ ಹತ್ತು. ಎಣಿಕೆ ಸರಿಯಾಯಿತು ಅಂತ ಎಲ್ಲರಿಗೂ ಸಮಾಧಾನ. ವರ್ಷ ಕಳೆದು ಮಾರಲು ಹೋದಾಗ ಒಬ್ಬರ ಹತ್ತು ಮತ್ತೊಬ್ಬರ ಹತ್ತಕ್ಕಿಂತ ಹತ್ತಿರ ಹತ್ತಿರ ಎರಡು ಪಟ್ಟು ಬಾಳುತ್ತದೆ. ಒಬ್ಬರಿಗೆ ವಿಕ್ಟೋರಿಯಾ ಬಂದಿರುತ್ತಾಳೆ, ಇನ್ನೊಬ್ಬರಿಗೆ 1944ರ ಜಾರ್ಜ್, ಪಾಪದ ತಂಗಿಗೆ ಹುಲಿ. ಎಣಿಸುವ ಮುಂಚೆ ಗುಡ್ಡೆ ಮಾಡಿಕೊಂಡಿದ್ದರೆ, ಪ್ರತಿ ಗುಡ್ಡೆಯಿಂದಲೂ ಸಮಪಾಲು ತೆಗೆಯಬಹುದಿತ್ತು.